ಅಪ್ಪನ ಆಪರೇಷನ್‌ಗೆ ಮುಂಚೆ ರೋಗಿಗಳ ಅಭ್ಯಂಗ: ಯಾವಾಗ, ಯಾರನ್ನು ಕರೆಸಬೇಕು?

ಕನಕಪುರದ ಮಗಳು

ಎಲ್ಲರಿಗೂ ವಂದನೆ. ನಮ್ಮ ತಂದೆಗೆ 74 ವರ್ಷ. ಹೃದಯದ ಕವಾಟದ ತೊಂದರೆಗಾಗಿ ಮುಂದಿನ ಗುರುವಾರ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಆಪರೇಷನ್ ನಿಗದಿಯಾಗಿದೆ. ನಾವು ಕ್ಯಾಥೋಲಿಕರು. ಆಪರೇಷನ್‌ಗೆ ಮುಂಚೆ ಗುರುಗಳನ್ನು (ಪಾದ್ರಿಯವರನ್ನು) ಕರೆಸಿ ರೋಗಿಗಳ ಅಭ್ಯಂಗ ಸಂಸ್ಕಾರ, ಅಂದರೆ ಪವಿತ್ರ ಎಣ್ಣೆ ಹಚ್ಚಿ ಪ್ರಾರ್ಥಿಸುವ ವಿಧಿ, ಕೊಡಿಸಬೇಕೆಂದು ಅಮ್ಮನ ಆಸೆ. ಅಣ್ಣ ಮತ್ತು ಸೋದರತ್ತೆ ಮಾತ್ರ ಬೇಡವೇ ಬೇಡ ಎನ್ನುತ್ತಿದ್ದಾರೆ. ಗುರುಗಳ ಬಿಳಿ ನಿಲುವಂಗಿ ಕಂಡರೆ ಅಪ್ಪ ಧೈರ್ಯಗೆಡುತ್ತಾರೆ, ರಕ್ತದೊತ್ತಡ ಏರುತ್ತದೆ, ಆಗಬಾರದ್ದು ಆದರೆ ಯಾರು ಹೊಣೆ ಎಂಬುದು ಅವರ ಮಾತು.

ಇನ್ನೂ ಎರಡು ತೊಡಕುಗಳಿವೆ. ನಮ್ಮ ಮೂಲ ಧರ್ಮಕೇಂದ್ರ (ನಾವು ಸೇರಿದ ಚರ್ಚು) ಕನಕಪುರ ತಾಲ್ಲೂಕಿನ ಹಳ್ಳಿಯಲ್ಲಿದೆ. ಅಪ್ಪ ಈಗ ಕೆಲವು ತಿಂಗಳಿಂದ ಅಣ್ಣನ ಮನೆಯಲ್ಲಿದ್ದಾರೆ. ಇಲ್ಲಿನ ಚರ್ಚಿನಲ್ಲಿ ನಮ್ಮ ಹೆಸರು ನೋಂದಾಯಿಸಿಲ್ಲ. ಎರಡನೆಯದು, ಊರಿನಲ್ಲಿ ಸ್ಮಶಾನದ ಜಾಗದ ವಿಚಾರವಾಗಿ ಒಂದು ಜಗಳವಾಗಿ, ಅಂದಿನಿಂದ ಅಪ್ಪ ಪಾಪನಿವೇದನೆಗೂ (ಗುರುಗಳಲ್ಲಿ ಪಾಪಗಳನ್ನು ಹೇಳಿಕೊಳ್ಳುವುದಕ್ಕೆ) ಹೋಗಿಲ್ಲ, ಪರಮಪ್ರಸಾದವನ್ನೂ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿಯನ್ನೂ) ಸ್ವೀಕರಿಸಿಲ್ಲ. ಹಬ್ಬಕ್ಕೆ ಬಂದರೂ ಬಾಗಿಲ ಬಳಿ ನಿಂತು ಹೋಗುತ್ತಿದ್ದರು. ಇಷ್ಟು ವರ್ಷದ ಮೇಲೆ ಈ ಸಂಸ್ಕಾರ ಕೊಡುತ್ತಾರೆಯೇ? ತಿಳಿದವರು ದಯವಿಟ್ಟು ಹೇಳಿ.

ಹಳೇ ಉಪದೇಶಿ

ಮಗಳೇ, ನಿಮ್ಮ ತಾಯಿಯವರ ಮಾತೇ ಸರಿ. ಗಂಭೀರ ಕಾಯಿಲೆಯ ಕಾರಣಕ್ಕೆ ದೊಡ್ಡ ಶಸ್ತ್ರಚಿಕಿತ್ಸೆಗೆ ಹೋಗುವವರಿಗೆ ಈ ಸಂಸ್ಕಾರ ಕೊಡಬಹುದು ಎಂದು ವಿಧಿಯ ಪುಸ್ತಕದಲ್ಲೇ ಇದೆ. ಹೃದಯದ ಆಪರೇಷನ್ ಎಂದ ಮೇಲೆ ಯಾವ ಗುರುಗಳೂ ಹಿಂದೆಮುಂದೆ ನೋಡುವುದಿಲ್ಲ.

ಹಾಗೆಂದು ನಿಮ್ಮ ಅಣ್ಣ, ಸೋದರತ್ತೆಯವರ ಅಂಜಿಕೆಯನ್ನು ತಳ್ಳಿಹಾಕಬೇಡಿ. ಅದು ಶತಮಾನಗಳಿಂದ ಬಂದದ್ದು. ಉಸಿರು ಎಳೆಯುವ ಹೊತ್ತಿಗೆ ಕೊಡುವ ಸಂಸ್ಕಾರ ಎಂದೇ ಇದು ರೂಢಿಯಾಗಿತ್ತು. ನಾನು ಹುಡುಗನಾಗಿದ್ದಾಗ ನಮ್ಮೂರಿನಲ್ಲಿ ಗುರುಗಳು ಎಣ್ಣೆಯ ಡಬ್ಬಿ ಹಿಡಿದು ಒಂದು ಮನೆಯ ಹೊಸ್ತಿಲು ದಾಟಿದರೆ ಸಾಕು, ಅಕ್ಕಪಕ್ಕದ ಹೆಂಗಸರು ಒಲೆ ಆರಿಸಿ ಅಂಗಳಕ್ಕೆ ಬರುತ್ತಿದ್ದರು. ಒಳಗಿದ್ದವರು ಇನ್ನು ಉಳಿಯುವುದಿಲ್ಲ ಎಂದು ಊರೇ ತೀರ್ಮಾನಿಸಿಬಿಡುತ್ತಿತ್ತು.

ಆದರೆ ಮೊದಲು ಹೀಗಿರಲಿಲ್ಲ. ಸಂತ ಯಕೋಬರು ಬೈಬಲಿನಲ್ಲಿರುವ ತಮ್ಮ ಪತ್ರದ 5ನೇ ಅಧ್ಯಾಯದಲ್ಲಿ ಹೇಳುವುದು ಅಸ್ವಸ್ಥರಾದವರ ವಿಚಾರ: ಅವರು ಸಭೆಯ ಹಿರಿಯರನ್ನು ಕರೆಸಲಿ, ಹಿರಿಯರು ಪ್ರಭುವಿನ ಹೆಸರಿನಲ್ಲಿ ಎಣ್ಣೆ ಹಚ್ಚಿ ಪ್ರಾರ್ಥಿಸಲಿ, ಪ್ರಭು ಅವರನ್ನು ಎಬ್ಬಿಸುವರು ಎಂದು. ಸಾಯುತ್ತಿರುವವರು ಎಂದು ಅಲ್ಲಿಲ್ಲ. ಕ್ಯಾಥೋಲಿಕ್ ಧರ್ಮಾಧ್ಯಕ್ಷರ (ಬಿಷಪ್‌ಗಳ) ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಇದನ್ನು ಸ್ಪಷ್ಟಪಡಿಸಿತು: ಇದು ಸಾವಿನ ಅಂಚಿನಲ್ಲಿರುವವರಿಗೆ ಮಾತ್ರ ಮೀಸಲಲ್ಲ, ಕಾಯಿಲೆಯಿಂದಲೋ ಮುಪ್ಪಿನಿಂದಲೋ ಜೀವಕ್ಕೆ ಅಪಾಯ ಶುರುವಾದಾಗಲೇ ಇದನ್ನು ಸ್ವೀಕರಿಸಲು ತಕ್ಕ ಕಾಲ. 1972ರ ನವೆಂಬರ್ 30ರಂದು ಜಗದ್ಗುರು (ಪೋಪ್) ಆರನೇ ಪೌಲರು ವಿಧಿಯನ್ನೇ ಹೊಸದಾಗಿ ರೂಪಿಸಿದರು. ಹಿಂದೆ ಕಣ್ಣು, ಕಿವಿ, ಮೂಗು, ತುಟಿ, ಕೈಗಳಿಗೆಲ್ಲ ಹಚ್ಚುತ್ತಿದ್ದರು. ಈಗ ಹಣೆಗೆ ಮತ್ತು ಎರಡು ಕೈಗಳಿಗೆ ಹಚ್ಚುತ್ತಾರೆ.

ಗುಣಮುಖರಾದವರಿಗೆ ಮತ್ತೆ ಕಾಯಿಲೆ ಬಂದರೆ, ಇಲ್ಲವೇ ಅದೇ ಕಾಯಿಲೆ ಉಲ್ಬಣಿಸಿದರೆ, ಮತ್ತೊಮ್ಮೆ ಸ್ವೀಕರಿಸಬಹುದು. ಈ ಒಂದು ಮಾತನ್ನು ನಿಮ್ಮ ಅಣ್ಣನವರಿಗೆ ಹೇಳಿ ನೋಡಿ. ಕೊನೆಯದೇ ಆಗಿದ್ದರೆ ಮತ್ತೊಮ್ಮೆ ಕೊಡುವ ಪ್ರಶ್ನೆ ಎಲ್ಲಿಂದ ಬರುತ್ತದೆ?

ರಾತ್ರಿ ಪಾಳಿ

ನಾನು ತೀವ್ರ ನಿಗಾ ಘಟಕದಲ್ಲಿ ನರ್ಸ್. ಕ್ಯಾಥೋಲಿಕಳು. ಅಕ್ಕ, ಒಂದೇ ಮಾತು: ಗುರುವಾರದವರೆಗೆ ಕಾಯಬೇಡಿ.

ನಾವು ದಿನವೂ ನೋಡುವುದು ಇದೇ. ಮನೆಯವರು ಇವತ್ತು ಬೇಡ, ನಾಳೆ ನೋಡೋಣ ಎನ್ನುತ್ತಾರೆ. ರೋಗಿಯ ಬಾಯಿಗೆ ಕೊಳವೆ ಇಳಿದ ಮೇಲೆ, ನಿದ್ದೆಯ ಔಷಧಿ ಹರಿಯತೊಡಗಿದ ಮೇಲೆ ಗುರುಗಳಿಗೆ ಫೋನ್ ಮಾಡುತ್ತಾರೆ. ಗುರುಗಳು ಬರುತ್ತಾರೆ, ಎಣ್ಣೆ ಹಚ್ಚುತ್ತಾರೆ, ಸಂಸ್ಕಾರ ನಡೆಯುತ್ತದೆ. ಪ್ರಜ್ಞೆ ಇಲ್ಲದವರಿಗೂ, ಎಚ್ಚರವಿದ್ದಾಗ ಅವರು ಬಯಸುತ್ತಿದ್ದರು ಎನ್ನುವಂತಿದ್ದರೆ, ಕೊಡಬಹುದು. ಆದರೆ ಆ ಮನುಷ್ಯ ತನ್ನ ಮನಸ್ಸಿನಲ್ಲಿದ್ದುದನ್ನು ಹೇಳಿಕೊಳ್ಳಲಾರ, ಆಮೆನ್ ಎನ್ನಲಾರ, ಪರಮಪ್ರಸಾದವನ್ನು ನುಂಗಲಾರ. ನಿಮ್ಮ ತಂದೆಯ ವಿಚಾರದಲ್ಲಂತೂ ಇಷ್ಟು ವರ್ಷದ ನಿವೇದನೆ ಬಾಕಿ ಇದೆ. ಅದಕ್ಕೆ ಅವರಿಗೆ ಮಾತು ಬೇಕು, ಉಸಿರು ಬೇಕು, ಸ್ವಲ್ಪ ಏಕಾಂತ ಬೇಕು.

ಆಸ್ಪತ್ರೆಗೆ ಸೇರಿಸುವ ಮುಂಚೆ ಮನೆಯಲ್ಲೇ ಆಗಿಬಿಟ್ಟರೆ ಎಲ್ಲಕ್ಕಿಂತ ಒಳ್ಳೆಯದು. ಆಗದಿದ್ದರೆ ಈ ಮಾತುಗಳನ್ನು ನೆನಪಿಡಿ. ಆಪರೇಷನ್‌ಗೆ ಮುಂಚಿನ ರಾತ್ರಿಯಿಂದ ಬಾಯಿಗೆ ಏನೂ ಹಾಕಬಾರದು ಎನ್ನುತ್ತಾರೆ, ಆದ್ದರಿಂದ ಪರಮಪ್ರಸಾದ ಸ್ವೀಕರಿಸುವುದಿದ್ದರೆ ಅದಕ್ಕೆ ಮುಂಚೆಯೇ ಆಗಬೇಕು. ವಾರ್ಡಿನ ಮೇಲ್ವಿಚಾರಕ ನರ್ಸ್‌ಗೆ ಬೆಳಿಗ್ಗೆಯೇ ತಿಳಿಸಿ, ಪರದೆ ಎಳೆದು ಕಾಲು ಗಂಟೆ ಬಿಟ್ಟುಕೊಡುತ್ತಾರೆ. ಆಮ್ಲಜನಕ ಹಾಕಿರುವ ಕಡೆ ಮೇಣದಬತ್ತಿ ಹಚ್ಚುವಂತಿಲ್ಲ, ಅಮ್ಮ ಹಟ ಮಾಡಿದರೂ ಬೇಡ. ಕೈಗೆ ಸೂಜಿ, ಪಟ್ಟಿ ಇದ್ದರೆ ಗುರುಗಳಿಗೆ ಮೊದಲೇ ಹೇಳಿ. ಸೋಂಕಿನ ಭಯವಿದ್ದರೆ ಬೆರಳಿನ ಬದಲು ಹತ್ತಿಯಲ್ಲೋ ಸಣ್ಣ ಕಡ್ಡಿಯಲ್ಲೋ ಹಚ್ಚುತ್ತಾರೆ, ತಕ್ಕ ಕಾರಣವಿದ್ದರೆ ಅದಕ್ಕೆ ಅವಕಾಶವಿದೆ.

ಲಿಂಗರಾಜಪುರದವನು

ಎಲ್ಲರೂ ಕರೆಸಿ ಕರೆಸಿ ಎನ್ನುತ್ತಿದ್ದೀರಿ. ನನ್ನ ಅನುಭವ ಬೇರೆ. ನನ್ನ ತಾಯಿಗೆ ಯಾರೂ ಏನೂ ಹೇಳಿರಲಿಲ್ಲ. ಸಂಬಂಧಿಕರೊಬ್ಬರು ತಾವಾಗಿಯೇ ಗುರುಗಳನ್ನು ವಾರ್ಡಿಗೆ ಕರೆತಂದರು. ತಾಯಿ ಗುರುಗಳ ಮುಖ ನೋಡಿದರು, ನಮ್ಮೆಲ್ಲರ ಮುಖ ನೋಡಿದರು. ಎಣ್ಣೆ ಹಚ್ಚುವಾಗ ಬೆರಳುಗಳನ್ನು ಮಡಚಿಕೊಂಡೇ ಇದ್ದರು, ಗುರುಗಳೇ ಮೆಲ್ಲಗೆ ಬಿಡಿಸಬೇಕಾಯಿತು. ಆ ರಾತ್ರಿಯಿಡೀ "ಡಾಕ್ಟರು ನಿಮಗೆ ಏನು ಹೇಳಿದ್ದಾರೆ, ನನ್ನಿಂದ ಯಾಕೆ ಮುಚ್ಚಿಡುತ್ತೀರಿ" ಎಂದು ಕೇಳುತ್ತಲೇ ಇದ್ದರು. ಸಂಸ್ಕಾರದಿಂದ ಸಮಾಧಾನ ಸಿಗಬೇಕು ತಾನೇ? ನನ್ನ ತಾಯಿಗೆ ಸಿಗಲಿಲ್ಲ. ಆದ್ದರಿಂದ ಇವರ ಅಣ್ಣ ಹೇಳುವುದರಲ್ಲಿ ತಪ್ಪೇನೂ ನನಗೆ ಕಾಣುವುದಿಲ್ಲ.

ಹಳೇ ಉಪದೇಶಿ

ಲಿಂಗರಾಜಪುರದವರೇ, ಓದಿ ಸಂಕಟವಾಯಿತು. ನಿಮ್ಮ ತಾಯಿಯವರು ಹೆದರಿದ್ದು ಎಣ್ಣೆಗಲ್ಲ, ತಮಗೆ ಗೊತ್ತಿಲ್ಲದ್ದು ಉಳಿದವರಿಗೆಲ್ಲ ಗೊತ್ತಿದೆ ಎಂಬುದಕ್ಕೆ ಎಂದು ನನಗೆ ತೋರುತ್ತದೆ. ಅವರನ್ನು ಯಾರೂ ಕೇಳಲಿಲ್ಲ. ಅಲ್ಲೇ ತಪ್ಪಿದ್ದು.

ಇದನ್ನು ನಾನು ಗಟ್ಟಿಯಾಗಿ ಹೇಳಬಯಸುತ್ತೇನೆ. ಎಚ್ಚರವಿರುವ, ಬುದ್ಧಿ ಸ್ಥಿಮಿತದಲ್ಲಿರುವ ಮನುಷ್ಯನಿಗೆ ಹೇಳದೆ ಕೇಳದೆ ಯಾವ ಸಂಸ್ಕಾರವನ್ನೂ ಕೊಡಿಸಲು ಹೊರಡಬಾರದು. ಸಂಸ್ಕಾರ ಸ್ವೀಕರಿಸುವವರು ಅವರು. ಬೇಕೋ ಬೇಡವೋ ಎನ್ನಬೇಕಾದವರೂ ಅವರೇ. ನಾವು ಮನೆಯವರು ಎರಡು ಪಕ್ಷ ಕಟ್ಟಿಕೊಂಡು ಅಡುಗೆಮನೆಯಲ್ಲಿ ಪಿಸುಗುಟ್ಟುತ್ತೇವೆ, ಒಳಕೋಣೆಯಲ್ಲಿ ಮಲಗಿರುವವರ ಕಿವಿಗೆ ಅದು ಬೀಳದೆ ಇರುವುದಿಲ್ಲ. ಅಪ್ಪನಿಗೆ ತನ್ನ ಎದೆಯ ವಿಚಾರ ಗೊತ್ತಿಲ್ಲವೇ? ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದವರು ಅವರೇ ಅಲ್ಲವೇ?

ಕನಕಪುರದ ಮಗಳೇ, ನೀವೇ ಹೋಗಿ ಪಕ್ಕದಲ್ಲಿ ಕುಳಿತು ನೇರವಾಗಿ ಕೇಳಿ. ದೊಡ್ಡ ಪೀಠಿಕೆ ಬೇಡ. "ಅಪ್ಪ, ಆಪರೇಷನ್‌ಗೆ ಮುಂಚೆ ಗುರುಗಳನ್ನು ಕರೆಸಿ ಪ್ರಾರ್ಥನೆ ಮಾಡಿಸಿ ಎಣ್ಣೆ ಹಚ್ಚಿಸಿಕೊಳ್ಳುತ್ತೀರಾ?" ಇಷ್ಟು ಸಾಕು. ಬೇಡ ಎಂದರೆ ಅಲ್ಲಿಗೆ ಬಿಡಿ.

ಕಚೇರಿ ಸಹಾಯಕಿ, ಮೈಸೂರು

ಧರ್ಮಕೇಂದ್ರದ ಕಚೇರಿಯಲ್ಲಿ ಕೆಲಸ ಮಾಡುವವಳು ನಾನು. ಯಾವ ಚರ್ಚು, ಏನೇನು ಕಾಗದ ಎಂಬ ಪ್ರಶ್ನೆಗೆ ಉತ್ತರಿಸುತ್ತೇನೆ.

ಕಾಗದ ಏನೂ ಬೇಡ. ಮದುವೆಗೆ ಜ್ಞಾನಸ್ನಾನದ (ಬ್ಯಾಪ್ಟಿಸಂನ) ಹೊಸ ಪ್ರಮಾಣಪತ್ರ ಬೇಕು, ಎರಡೂ ಕಡೆ ಪ್ರಕಟಣೆ ಆಗಬೇಕು. ಮಗುವಿನ ಜ್ಞಾನಸ್ನಾನಕ್ಕೆ ಜ್ಞಾನ ತಂದೆ, ಜ್ಞಾನ ತಾಯಿಯ ವಿವರ ಬೇಕು. ರೋಗಿಗಳ ಅಭ್ಯಂಗಕ್ಕೆ ಇಂಥದ್ದು ಯಾವುದೂ ಇಲ್ಲ. ರೋಗಿ ಕ್ಯಾಥೋಲಿಕರು, ಕಾಯಿಲೆ ಇದು, ಇರುವುದು ಇಲ್ಲಿ ಎಂದು ಹೇಳಿದರೆ ಮುಗಿಯಿತು.

ಹೆಸರು ನೋಂದಾಯಿಸಿಲ್ಲ ಎಂದು ಅಳುಕಬೇಡಿ. ಒಂದು ಧರ್ಮಕೇಂದ್ರದ ಎಲ್ಲೆಯೊಳಗೆ ಮೂರು ತಿಂಗಳು ನೆಲೆಸಿದ್ದರೂ ಅಲ್ಲಿನ ವಿಚಾರಣಾ ಗುರುಗಳು (ಆ ಧರ್ಮಕೇಂದ್ರದ ಹೊಣೆ ಹೊತ್ತವರು) ನಿಮ್ಮ ತಂದೆಯವರಿಗೂ ಗುರುಗಳೇ, 1983ರ ಧರ್ಮಸಭೆಯ (ಕ್ಯಾಥೋಲಿಕ್ ಚರ್ಚಿನ) ಕಾನೂನು ಹಾಗೆಯೇ ಹೇಳುತ್ತದೆ. ಅದೂ ಇರಲಿ, ಜೀವಕ್ಕೆ ಅಪಾಯವಿರುವಾಗ ಎಲ್ಲೆ ಯಾರದು ಎಂದು ಯಾರೂ ಕೇಳುವುದಿಲ್ಲ. ಈ ಸಂಸ್ಕಾರದ ಎಣ್ಣೆಯನ್ನು ಜೊತೆಯಲ್ಲಿ ಇಟ್ಟುಕೊಂಡು ಓಡಾಡಲು ಪ್ರತಿಯೊಬ್ಬ ಗುರುಗಳಿಗೂ ಅನುಮತಿಯಿದೆ. ಎಣ್ಣೆಯನ್ನು ಪವಿತ್ರ ವಾರದ ಸುಮಾರಿಗೆ ಧರ್ಮಾಧ್ಯಕ್ಷರು ಮಂತ್ರಿಸಿ ಎಲ್ಲ ಧರ್ಮಕೇಂದ್ರಗಳಿಗೂ ಹಂಚುತ್ತಾರೆ. ತುರ್ತಿನಲ್ಲಿ ಅದು ಕೈಗೆಟುಕದಿದ್ದರೆ ಗುರುಗಳೇ ಬೇರೆ ಸಸ್ಯಜನ್ಯ ಎಣ್ಣೆಯನ್ನು ಅಲ್ಲೇ, ಸಂಸ್ಕಾರದ ನಡುವೆಯೇ ಮಂತ್ರಿಸಬಹುದು.

ಈ ಸಂಸ್ಕಾರ ಕೊಡುವ ಅಧಿಕಾರ ಗುರುಗಳಿಗೆ, ಧರ್ಮಾಧ್ಯಕ್ಷರಿಗೆ ಮಾತ್ರ. ಸಿಸ್ಟರ್‌ಗಳು, ಪರಮಪ್ರಸಾದ ತಂದುಕೊಡುವ ಸೇವಕರು ಪ್ರಾರ್ಥನೆ ಮಾಡಬಹುದು, ಅಭ್ಯಂಗ ಕೊಡಲಾಗದು.

ಹಣದ ವಿಚಾರ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಏಕೆಂದರೆ ಎಷ್ಟು ಕೊಡಬೇಕೋ ಎಂಬ ಸಂಕೋಚದಿಂದಲೇ ಕರೆಸದೆ ಉಳಿದ ಬಡವರನ್ನು ನಾನು ಬಲ್ಲೆ. ಸಂಸ್ಕಾರಕ್ಕೆ ಬೆಲೆ ಇಲ್ಲ. ಬಡತನದ ಕಾರಣಕ್ಕೆ ಯಾರಿಗೂ ಸಂಸ್ಕಾರ ತಪ್ಪಬಾರದು ಎಂಬುದು ಕಾನೂನಿನ 848ನೇ ವಿಧಿ. ಗುರುಗಳು ಬಂದುಹೋಗುವ ಆಟೋ ಖರ್ಚನ್ನು ನೋಡಿಕೊಂಡರೆ ಒಳ್ಳೆಯದು. ಕೈಯಲ್ಲಿ ಇಲ್ಲದಿದ್ದರೆ ಅದೂ ಬೇಡ.

ಉಡುಪಿಯ ಸೊಸೆ

ನಡುವೆ ಒಂದು ಪ್ರಶ್ನೆ, ಕ್ಷಮಿಸಿ. ನಾವು ಕೊಂಕಣಿ ಮನೆಯವರು, ನಮ್ಮ ಪಕ್ಕದ ಮನೆಯ ಅಜ್ಜಿ ಆರ್ಥೊಡಾಕ್ಸ್ ಸಭೆಯವರು. ಮಗ ವಿದೇಶದಲ್ಲಿದ್ದಾರೆ. ಅವರ ಸಭೆಯ ಗುರುಗಳು ಬರುವುದು ಬಹಳ ದೂರದಿಂದ. ಅಜ್ಜಿ ನಮ್ಮ ಫಾದರನ್ನೇ ಕರೆಸಿ ಎನ್ನುತ್ತಾರೆ. ಆಗುತ್ತದೆಯೇ?

ಕಚೇರಿ ಸಹಾಯಕಿ, ಮೈಸೂರು

ಆಗುತ್ತದೆ. ಪೌರ್ವಾತ್ಯ ಆರ್ಥೊಡಾಕ್ಸ್ ಸಭೆಗಳವರು ತಾವಾಗಿಯೇ ಕೇಳಿದರೆ, ಮನಸ್ಸು ಸಿದ್ಧವಿದ್ದರೆ, ಪಾಪನಿವೇದನೆ, ಪರಮಪ್ರಸಾದ, ರೋಗಿಗಳ ಅಭ್ಯಂಗ ಮೂರನ್ನೂ ನಮ್ಮ ಗುರುಗಳಿಂದ ಸ್ವೀಕರಿಸಬಹುದು. ಅಜ್ಜಿಯವರೇ ಕೇಳಿದ್ದಾರೆ ಎಂದು ಫಾದರಿಗೆ ಸ್ಪಷ್ಟವಾಗಿ ತಿಳಿಸಿ. ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಮೊದಲಾದ ಪ್ರೊಟೆಸ್ಟೆಂಟ್ ಸಭೆಗಳವರ ವಿಚಾರದಲ್ಲಿ ನಿಯಮ ಇದಕ್ಕಿಂತ ಬಿಗಿ, ಅದನ್ನು ನಿಮ್ಮ ಗುರುಗಳ ಬಳಿಯೇ ಕೇಳಬೇಕು.

ಕನಕಪುರದ ಮಗಳು

ಎಲ್ಲರಿಗೂ ಕೃತಜ್ಞತೆಗಳು. ಇವತ್ತು ಸಂಜೆ ಅಪ್ಪನನ್ನು ಕೇಳುತ್ತೇನೆ. ಪಾಪನಿವೇದನೆಯದೇ ನನಗೆ ಚಿಂತೆ. ಅಪ್ಪನಿಗೆ ಕಿವಿ ಮಂದ. ಕನ್ನಡ ಬಿಟ್ಟರೆ ಬೇರೆ ಭಾಷೆ ಬರುವುದಿಲ್ಲ. ಇಲ್ಲಿನ ಚರ್ಚಿನಲ್ಲಿ ಒಬ್ಬ ಗುರುಗಳ ಮಾತೃಭಾಷೆ ಮಲಯಾಳಂ, ಇನ್ನೊಬ್ಬರದು ತಮಿಳು. ಪ್ರಾರ್ಥನೆಗಳನ್ನೂ ಮರೆತಿದ್ದೇನೆ ಎಂದು ಹಿಂದೊಮ್ಮೆ ಹೇಳಿದ್ದರು. ಜೊತೆಗೆ ಆ ಜಗಳದ ಕಹಿ ಇನ್ನೂ ಹೋಗಿಲ್ಲ.

ಹಳೇ ಉಪದೇಶಿ

ಕನ್ನಡ ಬಲ್ಲ ಗುರುಗಳೇ ಬೇಕು ಎಂದು ಕೇಳಿ. ಅದರಲ್ಲಿ ಸಂಕೋಚ ಸಲ್ಲದು. ಬಲಿಪೂಜೆಯನ್ನು ಗೊತ್ತಿಲ್ಲದ ಭಾಷೆಯಲ್ಲಿ ಹೇಗೋ ಅನುಸರಿಸಬಹುದು. ಎದೆಯೊಳಗಿನ ಭಾರವನ್ನು ಇನ್ನೊಂದು ಭಾಷೆಯಲ್ಲಿ ಇಳಿಸುವುದು 74ರ ವಯಸ್ಸಿನವರಿಗೆ ಆಗದು. ಬೆಂಗಳೂರಿನಲ್ಲಿ ಕನ್ನಡ ಪೂಜೆಗಾಗಿ ನಮ್ಮವರು ಎಷ್ಟು ವರ್ಷ ಹೋರಾಡಿದ್ದಾರೆ! ರೋಗಿಯ ಹಾಸಿಗೆಯ ಪಕ್ಕದಲ್ಲಂತೂ ಕನ್ನಡ ಇರಲೇಬೇಕು. ಬೇರೆ ನಾಡಿನಿಂದ ಬಂದು ಸೊಗಸಾಗಿ ಕನ್ನಡ ಕಲಿತ ಗುರುಗಳೂ ಬಹಳ ಮಂದಿ ಇದ್ದಾರೆ, ಊರ ಹೆಸರು ನೋಡಿ ತೀರ್ಮಾನಿಸಬೇಡಿ. ಅಲ್ಲಿ ಸಿಗದಿದ್ದರೆ ವಿಚಾರಣಾ ಗುರುಗಳೇ ಬೇರೆ ಚರ್ಚಿನಿಂದ ಒಬ್ಬರನ್ನು ಗೊತ್ತುಮಾಡಿಕೊಡುತ್ತಾರೆ.

ಪಶ್ಚಾತ್ತಾಪದ ಪ್ರಾರ್ಥನೆ ಬಾಯಿಗೆ ಬಾರದಿದ್ದರೆ ಗುರುಗಳು ಒಂದೊಂದು ಪದವಾಗಿ ಹೇಳಿಕೊಡುತ್ತಾರೆ. ವರ್ಷಗಳ ಲೆಕ್ಕ ಒಪ್ಪಿಸಬೇಕಿಲ್ಲ. ನೆನಪಿಗೆ ಬರುವ ಗಂಭೀರ ಪಾಪಗಳನ್ನು ಮುಚ್ಚಿಡದೆ ಹೇಳಿದರೆ ಸಾಕು. ಬಹಳ ಕಾಲ ದೂರವಿದ್ದೆ, ಹೇಗೆ ಶುರುಮಾಡಬೇಕೋ ತಿಳಿಯದು ಎಂದರೆ ಗುರುಗಳೇ ಕೇಳಿ ಕೇಳಿ ದಾರಿ ಮಾಡಿಕೊಡುತ್ತಾರೆ. ಕಿವಿ ಮಂದವಿದ್ದರೆ ಮನೆಯವರೆಲ್ಲ ಕೋಣೆಯಿಂದಷ್ಟೇ ಅಲ್ಲ, ಮಾತು ಕೇಳದಷ್ಟು ದೂರ ಹೋಗಿ. ಟಿ.ವಿ. ಹಾಕಿಬಿಡಿ, ತಪ್ಪಿಲ್ಲ. ಅಕಸ್ಮಾತ್ ಒಂದು ಮಾತು ಕಿವಿಗೆ ಬಿದ್ದರೂ ಅದನ್ನು ಯಾರಿಗೂ ಹೇಳುವಂತಿಲ್ಲ. ಗುರುಗಳನ್ನು ಕಟ್ಟಿಹಾಕುವ ಗುಟ್ಟಿನ ನಿಯಮ ಕೇಳಿಸಿಕೊಂಡವರಿಗೂ ಅನ್ವಯಿಸುತ್ತದೆ.

ಜಗಳದ ವಿಚಾರ. ತನಗೆ ಅನ್ಯಾಯವಾಗಿದೆ ಎಂದು ಅವರಿಗೆ ಅನ್ನಿಸಿದ್ದರೆ ಅದನ್ನೂ ಹೇಳಲಿ. ಕ್ಷಮಿಸಬೇಕೆಂಬ ಮನಸ್ಸು ಬೇಕು, ನಿಜ. ಆದರೆ ಆದದ್ದು ಆಗಲೇ ಇಲ್ಲ ಎಂದು ಒಪ್ಪಿಕೊಳ್ಳಬೇಕೆಂದು ಯಾರೂ ಕೇಳುವುದಿಲ್ಲ. ಸ್ಮಶಾನದ ಜಾಗದ ತಕರಾರು ಎಂದರೆ ಅದು ಹೆತ್ತವರು ಮಣ್ಣಾದ ಜಾಗದ ಮಾತು, ಅಷ್ಟು ಸುಲಭಕ್ಕೆ ಮರೆಯುವಂಥದ್ದಲ್ಲ.

ರಾತ್ರಿ ಪಾಳಿ

ಕಿವಿಯ ಯಂತ್ರ ಇದ್ದರೆ ಬ್ಯಾಟರಿ ನೋಡಿಕೊಳ್ಳಿ. ಆಪರೇಷನ್‌ಗೆ ಒಳಗೆ ಕರೆದೊಯ್ಯುವಾಗ ಯಂತ್ರ, ಹಲ್ಲಿನ ಸೆಟ್ಟು, ಕೊರಳಿನ ಜಪಸರ ಎಲ್ಲವನ್ನೂ ತೆಗೆಸುತ್ತಾರೆ. ಅದನ್ನೂ ಮೊದಲೇ ಅವರಿಗೆ ಹೇಳಿಟ್ಟಿರಿ, ಆ ಹೊತ್ತಿನಲ್ಲಿ ಜಪಸರ ಬಿಚ್ಚಿದರೆ ಹಿರಿಯರು ತುಂಬ ನೊಂದುಕೊಳ್ಳುತ್ತಾರೆ.

ಲಿಂಗರಾಜಪುರದವನು

ಉಪದೇಶಿಯವರೇ, ನಿಮ್ಮ ಮಾತನ್ನು ಮತ್ತೆ ಮತ್ತೆ ಓದಿದೆ. ಕೇಳಬೇಕಿತ್ತು ಎಂಬುದು ನಿಜ. ಹಾಗಿದ್ದರೆ ಇನ್ನೊಂದು ಕೇಳುತ್ತೇನೆ. ಎಣ್ಣೆ ಹಚ್ಚಿದ ಮೇಲೂ ತಾಯಿ ಉಳಿಯಲಿಲ್ಲ. ಪ್ರಭು ಎಬ್ಬಿಸುವರು ಎಂದು ಬರೆದಿದ್ದೀರಿ. ಎಬ್ಬಿಸಲಿಲ್ಲವಲ್ಲ?

ಹಳೇ ಉಪದೇಶಿ

ಇದಕ್ಕೆ ಚುಟುಕಾಗಿ ಉತ್ತರ ಕೊಟ್ಟರೆ ನಿಮ್ಮ ದುಃಖಕ್ಕೆ ಅಗೌರವ ತೋರಿದಂತೆ. ಧರ್ಮಸಭೆ ಕಲಿಸುವುದನ್ನು ಹೇಳುತ್ತೇನೆ. ಈ ಸಂಸ್ಕಾರ ಔಷಧಿಗೆ ಬದಲಿಯಲ್ಲ, ದೇಹ ಗುಣವಾಗಿಯೇ ತೀರುತ್ತದೆ ಎಂಬ ಭರವಸೆಯನ್ನೂ ಕೊಡುವುದಿಲ್ಲ. ಎಣ್ಣೆ ಹಚ್ಚುವಾಗ ಗುರುಗಳು ಬೇಡುವುದು ಪವಿತ್ರಾತ್ಮರ ವರದಿಂದ ಪ್ರಭು ಇವರಿಗೆ ನೆರವಾಗಲಿ, ಪಾಪಗಳಿಂದ ಬಿಡಿಸಿ ರಕ್ಷಿಸಲಿ, ಎಬ್ಬಿಸಲಿ ಎಂದು. ಆತ್ಮಕ್ಕೆ ಒಳಿತಾಗುವುದಾದರೆ ದೇಹಕ್ಕೂ ಆರೋಗ್ಯ ಸಿಗಲಿ ಎಂದು ಬೇಡುತ್ತೇವೆ. ಸಿಗದಿದ್ದಾಗ, ನೋವಿನಲ್ಲಿ ಆ ಮನುಷ್ಯ ಒಂಟಿಯಾಗದಿರಲಿ, ಶಿಲುಬೆಯ ಮೇಲಿದ್ದ ಪ್ರಭುವಿನ ಜೊತೆ ಸೇರಿರಲಿ ಎಂಬುದೇ ಇದರ ಕೃಪೆ. ಕೊನೆಗೆ ಎಬ್ಬಿಸುವುದು ಪುನರುತ್ಥಾನದಲ್ಲಿ. ನಿಮ್ಮ ತಾಯಿಯವರನ್ನು ಎಬ್ಬಿಸಲಿಲ್ಲ ಎಂದು ನಾನು ಒಪ್ಪುವುದಿಲ್ಲ.

ಇನ್ನೊಂದು ವಿಷಯ. ಸಾಯುವವರಿಗೆಂದೇ ಇರುವ ಸಂಸ್ಕಾರ ಅಭ್ಯಂಗವಲ್ಲ, ದಾರಿಬುತ್ತಿಯಾಗಿ ಕೊಡುವ ಪರಮಪ್ರಸಾದ. ಪಾಪನಿವೇದನೆ, ಅಭ್ಯಂಗ, ಕೊನೆಗೆ ಈ ಪರಮಪ್ರಸಾದ, ಇದು ಕ್ರಮ. ನಮ್ಮ ಮನೆಗಳಲ್ಲಿ ಎಣ್ಣೆಯ ನೆನಪು ಉಳಿದು, ಬುತ್ತಿಯ ನೆನಪು ಅಳಿಸಿಹೋಗಿರುವುದು ನನಗೆ ದೊಡ್ಡ ಕೊರಗು.

ಕನಕಪುರದ ಮಗಳು

ಅಪ್ಪನನ್ನು ಕೇಳಿದೆ. ಅಮ್ಮ ಬಾಗಿಲ ಹಿಂದೆ ನಿಂತಿದ್ದರು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮ ಅಣ್ಣನೇನೋ ನನ್ನನ್ನು ಹೆದರುಪುಕ್ಕಲ ಅಂದುಕೊಂಡಿದ್ದಾನೆ. ಕರೆಸಿ. ನಿಮ್ಮ ಬಾಯಲ್ಲಿ ಯಾವಾಗ ಬರುತ್ತದೋ ಎಂದು ನಾನೇ ಕಾಯುತ್ತಿದ್ದೆ" ಎಂದರು. ಆಮೇಲೆ, ಊರಿನ ಗುರುಗಳು ಬೇಡ, ಇಲ್ಲಿಯವರೇ ಇರಲಿ ಎಂದರು. ಅದನ್ನು ನಾನು ಕೆದಕಲಿಲ್ಲ.

ಇಲ್ಲಿನ ಕಚೇರಿಗೆ ಫೋನ್ ಮಾಡಿದೆ. ನೋಂದಣಿಯ ಮಾತನ್ನೇ ಎತ್ತಲಿಲ್ಲ. ಕನ್ನಡ ಚೆನ್ನಾಗಿ ಬಲ್ಲ ಸಹಾಯಕ ಗುರುಗಳು ಮಂಗಳವಾರ ಸಂಜೆ ಮನೆಗೇ ಬರುತ್ತಾರೆ. ಅಣ್ಣನಿಗೆ ಇನ್ನೂ ಅಷ್ಟೊಂದು ಸಮ್ಮತವಿಲ್ಲ, ಆದರೆ ಆ ಹೊತ್ತಿಗೆ ಕಚೇರಿಯಿಂದ ಬೇಗ ಬರುತ್ತೇನೆ ಎಂದಿದ್ದಾನೆ. ಏನೇನು ಅಣಿ ಮಾಡಿಕೊಳ್ಳಬೇಕು? ಮಾತ್ರೆಗಾಗಿ ಅಪ್ಪ ಆಗಾಗ ತಿನ್ನಲೇಬೇಕು, ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸ ಕಷ್ಟ.

ಹಳೇ ಉಪದೇಶಿ

ಉಪವಾಸದ ಚಿಂತೆ ಬಿಡಿ. ರೋಗಿಗಳಿಗೆ, ಹಿರಿಯರಿಗೆ, ಅವರನ್ನು ನೋಡಿಕೊಳ್ಳುವವರಿಗೂ ಆ ನಿಯಮದಿಂದ ವಿನಾಯಿತಿಯಿದೆ. ಹಾಸಿಗೆಯ ಪಕ್ಕ ಒಂದು ಸಣ್ಣ ಮೇಜು, ಅದರ ಮೇಲೆ ಬಿಳಿ ಬಟ್ಟೆ, ಶಿಲುಬೆ, ಮೇಣದಬತ್ತಿ, ಮಂತ್ರಿಸಿದ ನೀರು, ಒಂದಿಷ್ಟು ಹತ್ತಿ, ಒಂದು ಲೋಟ ಕುಡಿಯುವ ನೀರು. ಅಪ್ಪನಿಗೆ ತೋಳು ಮಡಚಲು ಬರುವಂಥ ಸಡಿಲ ಅಂಗಿ ಹಾಕಿಸಿ, ಕೈಗಳು ಹೊದಿಕೆಯ ಹೊರಗಿರಲಿ. ಯಕೋಬರ ಪತ್ರದ 5ನೇ ಅಧ್ಯಾಯದ 13ರಿಂದ 16ರವರೆಗೆ ಗುರುತಿಟ್ಟುಕೊಳ್ಳಿ, ಓದಲು ಮನೆಯವರನ್ನೇ ಕೇಳಬಹುದು. ನಿಮ್ಮ ಅಣ್ಣನವರು ಓದಲಿ ಎಂದು ನನ್ನ ಆಸೆ, ಒತ್ತಾಯ ಬೇಡ. "ಸ್ವರ್ಗದಲ್ಲಿರುವ ನಮ್ಮ ತಂದೆಯೇ" ಎಲ್ಲರೂ ಗಟ್ಟಿಯಾಗಿ ಹೇಳಿ, ಅಪ್ಪನಿಗೆ ಕೇಳಿಸುವಷ್ಟು ಗಟ್ಟಿಯಾಗಿ.

ಲಿಂಗರಾಜಪುರದವನು

ಮಂಗಳವಾರ ಸಂಜೆ ನಮ್ಮ ಮನೆಯಲ್ಲೂ ನಿಮ್ಮ ತಂದೆಗಾಗಿ ಜಪಸರ ಹೇಳುತ್ತೇವೆ.

ಕಚೇರಿ ಸಹಾಯಕಿ, ಮೈಸೂರು

ಆಪರೇಷನ್ ಮುಗಿದು ಮನೆಗೆ ಬಂದ ಮೇಲೆ ಒಂದು ಕೆಲಸ ಮರೆಯಬೇಡಿ. ಹೊರಗೆ ಬರಲಾಗದವರಿಗೆ ಬಹಳಷ್ಟು ಧರ್ಮಕೇಂದ್ರಗಳಲ್ಲಿ ತಿಂಗಳ ಮೊದಲ ಶುಕ್ರವಾರ ಮನೆಗೇ ಪರಮಪ್ರಸಾದ ತಂದುಕೊಡುತ್ತಾರೆ. ಆ ಪಟ್ಟಿಗೆ ತಂದೆಯವರ ಹೆಸರು ಸೇರಿಸಲು ಹೇಳಿ. ಮನೆ ಯಾವ ಮಹಡಿ, ಲಿಫ್ಟ್ ಇದೆಯೇ, ಕಿವಿ ಮಂದ, ಕನ್ನಡದಲ್ಲೇ ಪ್ರಾರ್ಥನೆ ಬೇಕು ಎಂದೂ ಬರೆದುಕೊಡಿ. ಹಾಗೆಯೇ ಕುಟುಂಬದ ನೋಂದಣಿಯನ್ನೂ ಮಾಡಿಸಿಬಿಡಿ, ನಿಮ್ಮ ಬೀದಿಯ ಕಿರು ಸಮುದಾಯದವರು (ನೆರೆಹೊರೆಯ ಕ್ಯಾಥೋಲಿಕ್ ಕುಟುಂಬಗಳ ಗುಂಪಿನವರು) ಬಂದು ಮಾತನಾಡಿಸಿ ಹೋಗುತ್ತಾರೆ. ಫೆಬ್ರುವರಿ 11 ಲೂರ್ದು ಮಾತೆಯ ಹಬ್ಬ, ರೋಗಿಗಳ ವಿಶ್ವ ದಿನ. ಅಂದು ಹಲವು ಚರ್ಚುಗಳಲ್ಲಿ ಸಾಮೂಹಿಕವಾಗಿ ಅಭ್ಯಂಗ ಕೊಡುತ್ತಾರೆ. ಅಷ್ಟರಲ್ಲಿ ತಂದೆಯವರು ನಡೆದಾಡುವಂತಾಗಿದ್ದರೆ ಪೂಜೆಗೆ ಕರೆದುಕೊಂಡು ಹೋಗಿ. ಗಾಲಿಕುರ್ಚಿ ಬೇಕಿದ್ದರೆ ಹಿಂದಿನ ದಿನವೇ ಕಚೇರಿಗೆ ತಿಳಿಸಿ, ಮುಂದಿನ ಸಾಲಿನಲ್ಲಿ ಜಾಗ ಬಿಡಿಸಿಟ್ಟಿರುತ್ತಾರೆ.